ಮೊದಲು ಸಿಕ್ಕ ಹೆಸರು

ಬಟನ್ನಿಗೆ ಹಸಿರು ಬಳಿಯಬೇಕೋ ಕೆಂಪು ಬಳಿಯಬೇಕೋ ಅಂತ ನಿನ್ನೆ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದಳಲ್ಲ ಕವನ, ಈಗ ವಿರೂಪಾಕ್ಷಿಪುರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅದು ನೆನಪಾಗಿ ನಗು ಬಂತು. ಕೊನೆಗೆ ಹಸಿರೇ ಆಯಿತು. ಹಸಿರಿನ ಮೇಲೆ ಬಿಳೀ ಅಕ್ಷರದಲ್ಲಿ ‘ಚೀಟಿ ತೆಗೆ’ ಅಂತ. ತೆಗೆ ಅಂತ ಹೇಳುತ್ತಿರುವುದು ಯಾರಿಗೆ? ಕಂಪ್ಯೂಟರಿಗೆ! ಅಯ್ಯೋ ಶಿವನೇ, ಮನೆಯಲ್ಲಿ ತನ್ನ ಮಾತನ್ನು ಬೆಕ್ಕೂ ಕೇಳುವುದಿಲ್ಲ, ಕಂಪ್ಯೂಟರು ಕೇಳುತ್ತದೆ. ಇವತ್ತು ಹನ್ನೊಂದು ಗಂಟೆಗೆ ಧಣಿ ರೇಣುಕಾಪ್ರಸಾದ್ ಎದುರು ಅದನ್ನು ಒತ್ತಬೇಕು. ಒತ್ತಿದರೆ ಇನ್ನೂರ ನಲವತ್ತು ಮನೆಯ ಚೀಟಿ ದಬದಬ ಅಂತ ಬೀಳಬೇಕು. ಬಿದ್ದರೆ, ಈ ಕೈಯಿಂದಲೂ ಒಂದು ಕೆಲಸ ನೆಟ್ಟಗಾಯಿತು ಅಂತ ನಾಲ್ಕು ಜನರ ಎದುರಿಗೆ ಗೊತ್ತಾಗುತ್ತದೆ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅಷ್ಟೇ ಏನು, ಅದು ಕಡಿಮೆಯೇ? ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಎಚ್ಚರಾಗಿ ಟಿಕೆಟ್ಟಿಗೆ ಕೈ ಚಾಚಿದಳು. ಮೈಮೇಲೆ ಪರಿವೆಯೇ ಇರಲಿಲ್ಲ. ಹೆದರಿಕೆಗೆ ಅಲ್ಲ, ಖುಷಿಗೆ. ನಾಲ್ಕು ದಿನದಿಂದ ಹೀಗೇ ಆಗಿದ್ದಳು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅನ್ನುವುದೂ ನೆನಪಿರುತ್ತಿರಲಿಲ್ಲ.

ಅವಳು ಕೆಲಸ ಮಾಡುವುದು ಚಾಕಿ ಕೇಂದ್ರದಲ್ಲಿ. ಚಾಕಿ ಕೇಂದ್ರ ಅಂದರೆ ರೇಷ್ಮೆ ಹುಳದ ಬಾಲವಾಡಿ ಅನ್ನಿ. ಮೊಟ್ಟೆ ಒಡೆದು ಬಂದ ಹುಳವನ್ನು ಎರಡು ಜ್ವರ ಕಳೆಯುವ ತನಕ ಇಲ್ಲೇ ಸಾಕಿ ಆಮೇಲೆ ರೈತರ ಮನೆಗೆ ಕೊಡುತ್ತಾರೆ. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುವ ದಿನ. ಹುಳದ ಜೊತೆ ಮನೆಗೊಂದು ಚೀಟಿ: ಹೆಸರು, ಊರು, ಎಷ್ಟು ಮೊಟ್ಟೆ (ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಮೊಟ್ಟೆ ಲೆಕ್ಕ), ಮೂರನೇ ಜ್ವರ ಯಾವತ್ತು, ನಾಲ್ಕನೇದು ಯಾವತ್ತು, ಹುಳ ಹಣ್ಣಾಗಿ ಗೂಡು ಕಟ್ಟುವುದು ಯಾವತ್ತು. ಈ ಚೀಟಿಗಳನ್ನು ಅಂಬುಜಮ್ಮ ಒಂದೊಂದಾಗಿ ಟೈಪು ಮಾಡುತ್ತಿದ್ದರು. ಹಳೇ ಚೀಟಿ ತೆರೆಯುವುದು, ಹೆಸರು ಅಳಿಸುವುದು, ಹೊಸದು ಹೊಡೆಯುವುದು, ಬೆರಳು ಮಡಿಸಿ ದಿನ ಎಣಿಸುವುದು, ಪ್ರಿಂಟು. ಎರಡೂವರೆ ದಿನ ಹಿಡಿಯುತ್ತಿತ್ತು. ಕವನಳ ಬಟನ್ನಿಗೆ ನಾಲ್ಕು ನಿಮಿಷ. ನಾಲ್ಕೇ ನಿಮಿಷ ಕಣ್ರೀ! ಎಕ್ಸೆಲ್ಲು ಕೂತಲ್ಲೇ ಕೂತು ಪಕ್ಕದ ವರ್ಡನ್ನು ಕರೆಯುತ್ತದೆ, ಬಾಗಿಲು ತೆಗೆಸುತ್ತದೆ, ಹಾಳೆ ಹಾಸಿಸುತ್ತದೆ, ಇಲ್ಲಿ ಹೆಸರು ಬರಿ, ಇಲ್ಲಿ ತಾರೀಕು ಬರಿ ಅನ್ನುತ್ತದೆ. ಒಂದು ಹೇಳಿದ ಹಾಗೆ ಇನ್ನೊಂದು ಕೇಳಿಕೊಂಡು ದುಡಿಯುವುದನ್ನು ಮೊದಲ ಸಲ ನೋಡಿದಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದಳು.

ಶುರುವಾಗಿದ್ದು ಫೋನಿನಲ್ಲಿ ಯಾರೋ ತೋರಿಸಿದ್ದ ಒಂದು ವಿಡಿಯೋದಿಂದ. ರೆಕಾರ್ಡು ಅಂತ ಒತ್ತಿ, ನಿಮ್ಮ ಕೆಲಸ ನೀವು ಮಾಡಿ, ಆಮೇಲೆ ನೋಡಿ ಅಂದಿದ್ದ ಆತ. ಒತ್ತಿದಳು. ಒಂದು ಚೀಟಿ ಮಾಡಿದಳು. ನಿಲ್ಲಿಸಿ ಒಳಗೆ ಇಣುಕಿದರೆ ಇಂಗ್ಲಿಷಿನಲ್ಲಿ ಸಾಲು ಸಾಲು, ಮ್ಯಾಕ್ರೋ ಅನ್ನುತ್ತಾರಂತೆ ಅದಕ್ಕೆ! ತನ್ನ ಕೈ ಏನೇನು ಮಾಡಿತೋ ಅದಷ್ಟೂ ಬರೆದಿತ್ತು. ತಪ್ಪು ಚೌಕಕ್ಕೆ ಹೋಗಿ ವಾಪಸು ಬಂದದ್ದು, ಎಲ್ಲಿದೆ ಎಲ್ಲಿದೆ ಅಂತ ಪುಟವನ್ನು ಮೇಲೆ ಕೆಳಗೆ ಜಾರಿಸಿದ್ದು, ಎಲ್ಲ. ಇಷ್ಟು ಗಮನ ಕೊಟ್ಟು ತನ್ನ ಕೈಯನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ನೋಡಿದ್ದರು, ಒಂದು ಸಲ. ಮದುವೆಯಾದ ವರ್ಷ ಅತ್ತೆ ಬಸಮ್ಮ ಹುಳದ ಮನೆಯ ಬಾಗಿಲಲ್ಲಿ ನಿಲ್ಲಿಸಿ ಅಂಗೈ ತಿರುಗಿಸಿ ನೋಡಿ, ‘ಹೊಸ ಸೊಸೆ ಕೈ, ಈ ಸಲ ಚೀಟಿ ಇವಳ ಹೆಸರಿಗೇ ಬರ್ಲಿ’ ಅಂದಿದ್ದರು. ಈ ಕಡೆ ಹಾಗೇ. ಹುಳ ತರುವುದು ಮನೆಯಲ್ಲಿ ಯಾರ ಕೈಗುಣ ಚೆನ್ನಾಗಿದೆಯೋ ಅವರ ಹೆಸರಿಗೆ. ಬೆಳೆ ಕೈ ಕೊಟ್ಟರೆ ಮುಂದಿನ ಸಲ ಹೆಸರು ಬದಲು. ಕವನಳ ಹೆಸರಿಗೆ ಬಂದ ಹುಳಕ್ಕೆ ನಾಲ್ಕನೇ ಜ್ವರ ಎದ್ದ ಮೇಲೆ ಸುಣ್ಣಕಟ್ಟು ರೋಗ ತಗುಲಿತು. ತಟ್ಟೆ ತುಂಬ ಸತ್ತು ಬಿಗಿದ ಹುಳ, ಸೀಮೆಸುಣ್ಣದ ತುಂಡುಗಳ ಹಾಗೆ. ಮಂಕರಿಗಟ್ಟಲೆ ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದದ್ದೂ ಇದೇ ಕೈ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಸಲ ಚಾಕಿ ಕೇಂದ್ರದವರ ಫೋನು ಬಂದಾಗ ‘ಮಧು ಹೆಸರಿಗೆ ಹಾಕವ್ವ’ ಅಂತ ಮಗನ ಹೆಸರು ಹೇಳಿದರು, ಅಷ್ಟೇ. ಕವನ ಸೊಪ್ಪಿನ ಕುಕ್ಕೆ ಹಿಡಿದು ಹುಳದ ಮನೆಗೆ ಕಾಲಿಡುವಾಗ ‘ನೀನು ಅಡುಗೆ ನೋಡ್ಕೊ ಹೋಗು’ ಅಂದರು. ಎಷ್ಟು ಮೆತ್ತಗೆ ಅಂದರು ಅಂದರೆ ಗಂಡನಿಗೂ ಕೇಳಿಸಲಿಲ್ಲ. ಐದು ವರ್ಷವಾಯಿತು, ಅವಳು ಆ ಹೊಸಿಲು ದಾಟಿಲ್ಲ. ಹೋದ ಸಲ ಬಸಮ್ಮನ ಹೆಸರಿಗೇ ಬಂದ ಹುಳಕ್ಕೆ ಹಾಲು ರೋಗ ಬಿದ್ದು, ಅತ್ತೆ ಎರಡು ದಿನ ಜಗಲಿ ಬಿಟ್ಟು ಏಳದೆ ಕೂತಿದ್ದಾಗ, ಕವನಳಿಗೆ ಒಳಗೊಳಗೇ ಒಂದು ಸಂತೋಷವಾಗಿತ್ತು. ಥೂ, ಎಂಥಾ ಹೆಂಗಸು ನಾನು ಅಂತ ಕೂಡಲೇ ಅನ್ನಿಸಿ, ಅತ್ತೆಗೆ ಕಾಫಿ ಮಾಡಿಕೊಟ್ಟಳು, ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿ.

ಕೇಂದ್ರದ ಬಾಗಿಲಲ್ಲಿ ಕಾಲು ಅದ್ದುವ ಬ್ಲೀಚಿಂಗ್ ನೀರಿನ ತೊಟ್ಟಿ, ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ. ಎಡಗಡೆ ಹುಳ ಸಾಕುವ ಕೋಣೆ, ಬಲಗಡೆ ಆಫೀಸು. ಕವನ ಯಾವಾಗಲೂ ಬಲಕ್ಕೇ. ಅಂಬುಜಮ್ಮ ಆಗಲೇ ಬಂದು ಕನ್ನಡಕ ಒರೆಸುತ್ತಿದ್ದರು. ಐವತ್ತೆಂಟು ವಯಸ್ಸು, ಮೊಣಕಾಲಿಗೆ ಪಟ್ಟಿ, ಎರಡೇ ಬೆರಳಿನ ಟೈಪಿಂಗು. ಅವರ ಮುಖ ನೋಡಿದ ಕೂಡಲೇ ಕವನಳ ಖುಷಿಗೆ ಒಂದು ಮುಳ್ಳು ಚುಚ್ಚಿತು. ಮೂರು ವಾರದಿಂದ ಇವರ ಬೆನ್ನ ಹಿಂದೆ ಕೂತು ಇವರು ಯಾವ ಕೆಲಸ ಮೊದಲು ಮಾಡುತ್ತಾರೆ, ಯಾವುದು ಆಮೇಲೆ ಅಂತ ಕದ್ದು ನೋಡಿ ಬರೆದುಕೊಂಡೇ ಅವಳು ಮ್ಯಾಕ್ರೋ ಕಟ್ಟಿದ್ದು. ಒಂದು ಮಾತು ಹೇಳಿರಲಿಲ್ಲ. ಹೇಳಬಾರದು ಅಂತಲ್ಲ. ಹೇಳಿದರೆ, ‘ಅಯ್ಯೋ ಬುಡು, ಅದ್ಯಾಕೆ’ ಅಂದುಬಿಡುತ್ತಾರೋ ಅಂತ. ಅಥವಾ ಹಾಗೂ ಅಲ್ಲ. ಇದು ತನ್ನೊಬ್ಬಳ ಕೈಯದೇ ಆಗಬೇಕು ಅನ್ನುವ ಸ್ವಾರ್ಥ. ಧಣಿಗೆ ನೇರವಾಗಿ ಹೋಗಿ ಹೇಳಿದ್ದಳು. ಅದು ಸರಿಯಲ್ಲ ಅಂತ ಹೇಳುವಾಗಲೇ ಗೊತ್ತಿತ್ತು.

‘ಏನಮ್ಮಿ, ಮುಖ ಹಿಂಗೆ ಹೊಳೀತಾ ಐತೆ, ವಿಸೇಸನಾ?’ ಅಂದರು ಅಂಬುಜಮ್ಮ, ಅವಳ ಹೊಟ್ಟೆಯ ಕಡೆ ನೋಡುತ್ತಾ.

‘ಅಯ್ಯೋ ಅದೆಲ್ಲ ಏನಿಲ್ಲ ಅಕ್ಕ. ಸಾರ್ ಬತ್ತಾರೆ, ಒಂದು ತೋರಿಸ್ಬೇಕು.’

‘ಗೊತ್ತು ಬುಡು. ಮೂರು ವಾರದಿಂದ ನನ್ನ ಕೈನೇ ನೋಡ್ಕಂಡು ಕೂತಿದ್ದೆಲ್ಲ, ನಂಗೇನು ಬೆನ್ನಲ್ಲಿ ಕಣ್ಣಿಲ್ವಾ?’

ಕವನಳ ಕಿವಿ ಬಿಸಿಯಾಯಿತು. ಏನಾದರೂ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ರೇಣುಕಾಪ್ರಸಾದ್ ಬಂದೇಬಿಟ್ಟರು, ಹಣೆಗೆ ವಿಭೂತಿ, ಕಿವಿಗೆ ಫೋನು, ಕಲ್ಯದ ಕಡೆ ಹೋಗಬೇಕಾದ ವ್ಯಾನಿನವನನ್ನು ಬೈಯುತ್ತಾ. ಅವರ ಹಿಂದೆಯೇ ದಾಸಪ್ಪ ಬಂದು ಬೆಂಚಿನ ಮೇಲೆ ಕೂತ. ಪಕ್ಕದ ಹಳ್ಳಿಯ ರೈತ, ಚೀಟಿಗೆ ಯಾವಾಗಲೂ ಎರಡು ದಿನ ಮುಂಚೆಯೇ ಬಂದು ಕೂರುವ ಆಸಾಮಿ. ‘ಕೂತಿರಿ ದಾಸಪ್ನೋರೆ, ಇವತ್ತು ಬಿಸಿ ಬಿಸಿ ಚೀಟಿ’ ಅಂತ ಧಣಿ ನಕ್ಕು, ಫೋನು ಜೇಬಿಗೆ ಹಾಕಿ, ‘ಎಲ್ಲಿ, ತೋರ್ಸಮ್ಮ’ ಅಂದರು. ಎಲ್ಲರೂ ತನ್ನ ಬೆನ್ನ ಹಿಂದೆ ನಿಂತರು. ಕವನ ಮೌಸಿನ ಮೇಲೆ ಕೈ ಇಟ್ಟಳು. ನಿನ್ನೆ ಬರೀ ಹೋದ ಸಲದ ಪಟ್ಟಿ ಇಟ್ಟುಕೊಂಡು ಹತ್ತು ಸಲ ಓಡಿಸಿ ನೋಡಿದ್ದಳು, ಒಂದು ತಪ್ಪಿಲ್ಲ. ಸಾಯಂಕಾಲ ಹೊರಡುವ ಮುಂಚೆ, ಇರಲಿ, ಪೂರ್ತಿ ಇದ್ದರೆ ಚೆಂದ ಅಂತ ಐದು ವರ್ಷದ ಪಟ್ಟಿಯನ್ನೂ ಒಂದರ ಕೆಳಗೊಂದು ಸೇರಿಸಿದ್ದಳು, ಹಳೇದು ಮೇಲೆ, ಹೊಸದು ಕೆಳಗೆ. ಒತ್ತಿದಳು.

ಪರದೆ ಮಿಣಮಿಣ ಅಂತು. ವರ್ಡು ತಾನಾಗಿ ತೆರೆದುಕೊಂಡಿತು, ಯಾರೂ ಮುಟ್ಟದೆ. ‘ಎಲಾ ಇವಳ!’ ಅಂದರು ಧಣಿ. ಹೆಸರು ಬಿತ್ತು, ಊರು ಬಿತ್ತು, ತಾರೀಕುಗಳು ಬಿದ್ದವು, ಮುಂದಿನದು, ಅದರ ಮುಂದಿನದು, ಓದುವುದಕ್ಕೂ ಬಿಡುವು ಕೊಡದೆ. ಪ್ರಿಂಟರು ಗರ್ ಅಂತ ಎದ್ದು ಹಾಳೆ ಎಳೆಯತೊಡಗಿತು. ಕವನ ಕುರ್ಚಿಯ ತುದಿಗೆ ಸರಿದಳು. ಇದು ನಾನು ಮಾಡಿದ್ದು. ನಾನು, ಈ ಕೈ. ಅತ್ತೆ ಇಲ್ಲಿದ್ದಿದ್ದರೆ! ಜಗಲಿಯಿಂದ ಎಬ್ಬಿಸಿಕೊಂಡು ಬಂದು, ಇಲ್ಲಿ ಕೂರಿಸಿ, ನೋಡಿ ಅತ್ತೆ ಅಂತ... ‘ಹಂಗಾದ್ರೆ ಇನ್ಮೇಲೆ ಅಂಬುಜಮ್ಮಂಗೆ ರಜಾ ಅನ್ನು’ ಅಂತ ಧಣಿ ತಮಾಷೆಗೆ ಅಂದರು. ಕವನ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಅಂಬುಜಮ್ಮ ಮೊಣಕಾಲು ಹಿಡಿದುಕೊಂಡು ಹೋಗಿ ಪ್ರಿಂಟರಿನ ಬಾಯಿಂದ ಹಾಳೆ ಎತ್ತಿಕೊಂಡು ಕನ್ನಡಕ ಏರಿಸಿದ್ದು ಮಾತ್ರ ಕಣ್ಣಂಚಿಗೆ ಕಾಣಿಸಿತು.

‘ಇದೇನಮ್ಮಿ ಇದು,’ ಅಂದರು ಅಂಬುಜಮ್ಮ ನಿಧಾನವಾಗಿ. ‘ದಾಸಪ್ಪನ ಮನೇದು ರಾಧಾಮಣಿ ಹೆಸರಿಗೆ ಬಂದೈತಲ್ಲ?’

ಬೆಂಚಿನ ಮೇಲಿದ್ದ ದಾಸಪ್ಪ ತಲೆ ಎತ್ತಿದ. ರಾಧಾಮಣಿ ಅವನ ಹೆಂಡತಿ. ತೀರಿಕೊಂಡು ಮೂರು ವರ್ಷವಾಗಿತ್ತು. ಅಂಬುಜಮ್ಮ ಇನ್ನೊಂದು ಹಾಳೆ ಎತ್ತಿದರು, ಮತ್ತೊಂದು. ‘ಈ ಹುಡುಗಿ ಹೆಸರು ಎರಡನೇ ಬೆಳೆಗೇ ತೆಗ್ದಿದ್ರು, ತವರಿಗೆ ಹೋದೋಳು ಬರ್ಲೇ ಇಲ್ಲ. ಇವಳದು ಹಾಲು ರೋಗ ಬಂದಾಗ ತೆಗ್ದ್ರು. ಇವಳದೂ ಅಷ್ಟೇ, ಗೂಡೇ ಕಟ್ಲಿಲ್ಲ. ಅಲ್ಲ ಕಣವ್ವ, ಬೇಡಾ ಅಂತ ಬುಟ್ಟೋರ ಹೆಸರನ್ನೆಲ್ಲ ಹುಡುಕಿ ಹುಡುಕಿ ತಂದಿದ್ದೀಯಲ್ಲ!’ ಧಣಿಯ ನಗು ಇಂಗಿತು. ‘ಈ ಚೀಟಿ ತಗೊಂಡು ಹೋದ್ರೆ ಜನ ಹುಳ ಮುಟ್ತಾರೇನಮ್ಮ? ಮನೇಲಿ ಜಗಳ ಆಗುತ್ತೆ. ನಿಲ್ಸು, ನಿಲ್ಸು ಮೊದ್ಲು!’ ಅಂದರು. ಅವಳಿಗೆ ನಿಲ್ಲಿಸುವುದು ಹೇಗೆ ಅಂತ ತಿಳಿಯಲಿಲ್ಲ. ಓಡಿಸುವುದನ್ನು ಕಲಿತಿದ್ದಳು, ನಿಲ್ಲಿಸುವುದನ್ನು ಕಲಿತಿರಲಿಲ್ಲ. ಕೈಗೆ ಸಿಕ್ಕ ಗುಂಡಿಯೆಲ್ಲ ಒತ್ತಿದಳು. ಹೆಸರುಗಳು ಬೀಳುತ್ತಲೇ ಇದ್ದವು. ಕೊನೆಗೆ ಧಣಿ ಬಗ್ಗಿ ಪ್ರಿಂಟರಿನ ವೈರನ್ನೇ ಕಿತ್ತರು.

ಸದ್ದು ನಿಂತಾಗ ಕವನ ಪ್ರಿಂಟರಿನಿಂದ ಎಳೆದುಕೊಂಡ ಕೊನೆಯ ಹಾಳೆಯ ತುದಿಯಲ್ಲಿ ಅವಳದೇ ಊರು ಇತ್ತು. ಮನೆಯ ಫೋನ್ ನಂಬರು, ನೂರು ಮೊಟ್ಟೆ, ಹೆಸರು ಕವನ. ಒಂದು ಕ್ಷಣ ಯಾರೋ ಬೇಕೂ ಅಂತಲೇ ಬರೆದಿದ್ದಾರೆ ಅನ್ನಿಸಿತು. ಯಾರೂ ಬರೆದಿರಲಿಲ್ಲ. ಫೋನ್ ನಂಬರು ಹಿಡಿದು ಹುಡುಕು ಅಂದಿದ್ದಳು, ಯಂತ್ರ ಪಟ್ಟಿಯ ಮೇಲಿಂದ ಹುಡುಕಿಕೊಂಡು ಬಂದು ಮೊದಲು ಸಿಕ್ಕ ಹೆಸರನ್ನೇ ಎತ್ತಿತ್ತು. ಮೊದಲು ಸಿಕ್ಕುವುದು ಎಲ್ಲಕ್ಕಿಂತ ಹಳೇ ಹೆಸರು. ಅದಕ್ಕೆ ಸುಣ್ಣಕಟ್ಟೂ ಗೊತ್ತಿಲ್ಲ, ಗುಂಡಿಯೂ ಗೊತ್ತಿಲ್ಲ, ಮೆತ್ತಗೆ ಅಂದ ಮಾತೂ ಗೊತ್ತಿಲ್ಲ. ಎಂಥಾ ತಪ್ಪು ಮಾಡಿಬಿಟ್ಟೆ! ಬೇರೆ ಯಾರೋ ಮಾಡಿದ್ದರೆ ಹೋಗಲಿ ಅನ್ನಬಹುದಿತ್ತು. ಹೆಸರು ತೆಗೆಸಿಕೊಂಡವಳೇ ಹೆಸರಿನ ಸಂಗತಿ ಮರೆಯುವುದೇ? ಮರೆತಳೋ, ಇಲ್ಲ, ಕೈಗುಣವಂತೆ ಕೈಗುಣ, ಎಲ್ಲ ಸುಳ್ಳು ಅಂತ ಒಳಗೇ ಹಟ ಹಿಡಿದು ಬಿಟ್ಟಳೋ, ಅವಳಿಗೇ ಹೇಳಲಾಗಲಿಲ್ಲ. ನಾಚಿಕೆಗೆ ಕಣ್ಣು ತುಂಬಿತು. ಆದರೆ ಆಶ್ಚರ್ಯ ನೋಡಿ, ಆ ನಾಚಿಕೆಯ ಅಡಿಯಲ್ಲೇ ಖುಷಿ ಇನ್ನೂ ಕುದಿಯುತ್ತಿತ್ತು. ತಪ್ಪು ಎಲ್ಲಿದೆ ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು. ಒಂದೇ ಪದ. ಒಂದೇ ಒಂದು!

ದಾಸಪ್ಪ ಎದ್ದು ಬಂದು ಅಂಬುಜಮ್ಮನ ಕೈಯಿಂದ ತನ್ನ ಚೀಟಿ ಇಸಕೊಂಡ. ಬೈಯುತ್ತಾನೆ ಅಂತ ಕವನ ಕಾದಳು. ಅವನು ಬಹಳ ಹೊತ್ತು ಓದಿದ. ‘ಇವಳು ಮುಟ್ಟಿದ್ರೆ ಹುಳ ಎಂಗೆ ಬತ್ತಿತ್ತು ಅಂತೀರಿ,’ ಅಂದ. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡು, ‘ಇದು ನನ್ನತ್ರ ಇರ್ಲಿ. ನನ್ನ ಹೆಸರಿಗೆ ಇನ್ನೊಂದು ಕೊಡವ್ವ’ ಅಂತ ಹೋಗಿ ಕೂತ.

‘ಸಾರ್, ಐದು ನಿಮಿಷ ಕೊಡಿ,’ ಅಂದಳು ಕವನ. ಧಣಿ ಗಡಿಯಾರ ನೋಡಿ, ಬೇಡ ಅಂತ ತಲೆಯಾಡಿಸಲು ಹೊರಟಿದ್ದರು. ಅಂಬುಜಮ್ಮ, ‘ಇರಿ ಸಾರ್, ಮಗು ಕಷ್ಟಪಟ್ಟೈತೆ, ನೋಡನ’ ಅಂತ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಕವನ ಮ್ಯಾಕ್ರೋದ ಒಳಗೆ ಹೋಗಿ, ನೆಕ್ಸ್ಟ್ ಅಂತ ಇದ್ದದ್ದನ್ನು ಅಳಿಸಿ ಪ್ರೀವಿಯಸ್ ಅಂತ ಮಾಡಿದಳು. ಕೆಳಗಿನಿಂದ ಮೇಲಕ್ಕೆ ಹುಡುಕಲಿ, ಹೊಸದು ಮೊದಲು ಸಿಗಲಿ. ‘ಅದೂ ಸಾಲ್ದು ಕಣಮ್ಮಿ,’ ಅಂದರು ಅಂಬುಜಮ್ಮ ಪರದೆಗೆ ಮೂಗು ತಾಗಿಸಿ, ‘ಹೋದ ಸಲ ಬೆಳೆ ಹೋಯ್ತಲ್ಲ, ಆ ಮನೆಗಳಿಗೆ ಕೇಳ್ಬೇಕು. ನಾನು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳೋದು. ಅದನ್ನ ನೀನು ನೋಡ್ಕಳಲಿಲ್ಲ. ಫೋನಲ್ಲಿ ಮಾತಾಡೋದು ಕೆಲ್ಸ ಅಲ್ಲ ಅನ್ಕಂಡೆ.’ ನಿಜ, ಹಾಗೇ ಅಂದುಕೊಂಡಿದ್ದಳು. ಹರಟೆ ಅಂದುಕೊಂಡು ಆ ಹೊತ್ತಿನಲ್ಲಿ ಬರೆಯುವುದು ನಿಲ್ಲಿಸುತ್ತಿದ್ದಳು. ‘ಅಕ್ಕ, ತಪ್ಪಾಯ್ತು. ಮೊದಲು ನಿಮ್ಮನ್ನೇ ಕೇಳ್ಬೇಕಿತ್ತು,’ ಅಂದಳು. ‘ಆಯ್ತು, ಈಗ ಕೇಳು,’ ಅಂದರು ಅವರು. ಕೇಳಿದಳು. ಇಳುವರಿ ಕಡಿಮೆ ಬಿದ್ದ ಮನೆ ಬಂದರೆ ಅಲ್ಲೇ ನಿಲ್ಲು ಅಂತ ಒಂದು ಸಾಲು. ನಿಂತು, ಪೆಟ್ಟಿಗೆಯೊಂದನ್ನು ತೆರೆದು ಪ್ರಶ್ನೆ ಕೇಳು ಅಂತ ಇನ್ನೊಂದು. ಪ್ರಶ್ನೆ ಏನು ಬರೆಯಲಿ ಅಂದಾಗ ಅಂಬುಜಮ್ಮ, ‘ನಾನು ಫೋನಲ್ಲಿ ಕೇಳೋದೇ ಬರಿ. ಯಾರ ಕೈ?’ ಅಂದರು.

ಧಣಿ ವೈರು ಸಿಕ್ಕಿಸಿದರು. ಒತ್ತಿದಳು. ಈ ಸಲ ಇಪ್ಪತ್ತು ಮೂವತ್ತು ಚೀಟಿ ಹರಿದು ಬಂದವು, ಆಮೇಲೆ ಯಂತ್ರ ಗಕ್ಕನೆ ನಿಂತು, ಪರದೆಯ ನಡುವೆ ಸಣ್ಣ ಪೆಟ್ಟಿಗೆ ತೆರೆದು ಕೇಳಿತು: ಯಾರ ಕೈ? ಅಂಬುಜಮ್ಮ ಮಗುವಿನ ಹಾಗೆ ಕಿಸಕ್ಕನೆ ನಕ್ಕರು. ‘ಅಯ್ಯೋ ಇದರ ಮನೆ ಹಾಳಾಗ, ನನ್ನನ್ನೇ ಕೇಳ್ತದಲ್ಲ!’ ಫೋನು ಎತ್ತಿದರು, ಕೇಳಿದರು, ಎರಡು ಬೆರಳಲ್ಲಿ ಹೊಡೆದರು, ಯಂತ್ರ ಮುಂದೆ ಓಡಿತು. ಮತ್ತೆ ನಿಂತಿತು, ಮತ್ತೆ ಕೇಳಿತು. ದಾಸಪ್ಪನದು ಅವನ ಹೆಸರಿಗೇ ಬಂತು, ತಗೊಂಡು ಹೊರಟ. ಧಣಿ ‘ಸರಿಯಮ್ಮ, ಚೆನ್ನಾಗೈತೆ, ಹಿಂಗೇ ಇರ್ಲಿ, ಇಬ್ಬರೂ ಸೇರಿ ನೋಡ್ಕಳಿ’ ಅಂದು ವ್ಯಾನಿನವನ ಕಡೆ ಹೋದರು. ಕವನಳಿಗೆ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ, ಕಾಲು ತಾನಾಗಿ ಕುಣಿಯುತ್ತಿತ್ತು. ಆಯಿತಲ್ಲ! ನಾಲ್ಕು ಜನರ ಎದುರಿಗೆ ಆಯಿತಲ್ಲ! ಆಗ ಯಂತ್ರ ಹನ್ನೆರಡನೇ ಸಲವೋ ಏನೋ ನಿಂತಿತು. ಪೆಟ್ಟಿಗೆಯ ಮೇಲೆ ಅವಳದೇ ಊರು, ಅವಳ ಮನೆಯ ನಂಬರು, ಬಸಮ್ಮ ಅಂತ ಹೋದ ಸಲದ ಹೆಸರು, ಕೆಳಗೆ ಅದೇ ಪ್ರಶ್ನೆ. ಅವಳ ಕಾಲು ನಿಂತಿತು.

ಅಂಬುಜಮ್ಮ ಅವಳ ಮುಖ ನೋಡಲಿಲ್ಲ. ನಂಬರು ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು, ದನಿ ಇಬ್ಬರಿಗೂ ಕೇಳುವ ಹಾಗೆ ಮಾಡಿದರು.

‘ಬಸಮ್ನೋರೆ, ಚಾಕಿ ಆಫೀಸಿಂದ. ಹೋದ್ಸಲ ನಿಮ್ಮ ಹೆಸರಿಂದು ಹಿಂಗಾಯ್ತಲ್ಲ. ಈ ಸಲ ಯಾರ ಕೈ?’

ಆ ಕಡೆ ಕೋಳಿಯ ಸದ್ದು, ನೀರು ಸುರಿಯುವ ಸದ್ದು. ‘ಯಾರ್ದು ಅಂತ ಹೇಳ್ಲವ್ವ,’ ಅಂದಿತು ಅತ್ತೆಯ ದನಿ. ‘ಮಧುದು ಆಯ್ತು, ನಮ್ಮ ಯಜಮಾನರದು ಆಯ್ತು, ನಂದೂ ಆಗೋಯ್ತು. ಇನ್ನ್ಯಾರವ್ರೆ?’

‘ಇನ್ನೊಬ್ಳು ಇಲ್ವಾ?’

ನೀರಿನ ಸದ್ದು ನಿಂತಿತು. ಕವನ ಫೋನಿನ ಕಡೆಯಿಂದ ಮುಖ ತಿರುಗಿಸಿದಳು. ಈ ಫೋನು ಕೆಟ್ಟು ಹೋಗಲಿ, ಕರೆಂಟು ಹೋಗಲಿ, ಏನಾದರೂ ಆಗಲಿ. ಐದು ವರ್ಷದಿಂದ ಕಾದದ್ದು ಈ ಮಾತಿಗೇ ಅಲ್ಲವೇ, ಈಗ ಯಾಕೆ ಬೇಡ ಅನ್ನಿಸಬೇಕು?

‘ಅಲ್ಲೇ ಅವ್ಳಾ ಅವಳು?’ ಅಂದರು ಬಸಮ್ಮ.

‘ಇಲ್ಲೇ ಕೂತವ್ಳೆ. ಇಷ್ಟು ಮನೆ ಚೀಟಿ ಒಂದು ಗಳಿಗೇಲಿ ಒಬ್ಳೇ ತೆಗ್ದ್ಲು ಕಣವ್ವ, ನಿನ್ನ ಸೊಸೆ. ನಾನಾಗಿದ್ರೆ ಮೂರು ದಿನ.’

ಆ ಕಡೆ ಬಿಂದಿಗೆ ಕೆಳಗಿಟ್ಟ ಸದ್ದು. ಆಮೇಲೆ ಬಸಮ್ಮ, ಅವತ್ತು ಹೊಸಿಲಲ್ಲಿ ಅಂದಷ್ಟೇ ಮೆತ್ತಗೆ, ಅಂದರು: ‘ಅವಳ ಹೆಸರಿಗೇ ಹಾಕ್ಬುಡು. ಸಾಯಂಕಾಲ ಹುಳದ ಮನೆಗೆ ಬ್ಲೀಚಿಂಗ್ ಹೊಡೀಬೇಕು. ಕೈ ತೊಳ್ಕಂಡು ಒಳೀಕೆ ಬರಾಕೇಳು.’

ಫೋನು ಆರಿತು. ಅಂಬುಜಮ್ಮ ಕೀಬೋರ್ಡನ್ನು ಅವಳ ಕಡೆ ತಳ್ಳಿ, ‘ನೀನೇ ಹೊಡಿ’ ಅಂದರು. ಮೂರೇ ಅಕ್ಷರ. ಮೂರು ಸಲ ತಪ್ಪು ಬಿತ್ತು. ಬೆಳಗಿನಿಂದ ಕುಣಿದ ಖುಷಿಯ ಮಧ್ಯೆ ಈಗ ಒಂದೇ ಯೋಚನೆ: ಈ ಸಲವೂ ಸುಣ್ಣಕಟ್ಟಿದರೆ? ಎಲ್ಲ ಸುಳ್ಳು ಅಂದವಳು ನಾನೇ ಅಲ್ಲವೇ? ನಾಲ್ಕನೇ ಸಲ ಸರಿ ಬಿತ್ತು. ಯಂತ್ರ ಹೆಸರು ತೆಗೆದುಕೊಂಡು, ಇನ್ನೇನೂ ಕೇಳದೆ, ಮುಂದಿನ ಮನೆಗೆ ಓಡಿತು. ಕವನ ಎದ್ದಳು. ಎಲ್ಲಿಗಮ್ಮಿ, ಇನ್ನೂ ಮುಗಿದಿಲ್ಲ, ಅಂತ ಅಂಬುಜಮ್ಮ ಕೂಗುತ್ತಿದ್ದರು. ಸಾಯಂಕಾಲಕ್ಕೆ ಇನ್ನೂ ಐದು ಗಂಟೆ ಇತ್ತು. ಅವಳು ಬಾಗಿಲ ಹತ್ತಿರದ ನಲ್ಲಿಗೆ ಹೋಗಿ, ಮೊಣಕೈ ತನಕ ಬಳೆ ಏರಿಸಿಕೊಂಡು, ಕೈ ತೊಳೆಯಲು ಶುರು ಮಾಡಿದಳು.